ಸಮುದ್ರ ಮುಚ್ಚಿದ ಮೇಲೂ ಉಳಿದ ಊರುಗಳು: ಹಾಲೆಂಡಿನ ನೀರಂಚಿನಲ್ಲಿ ಬಸ್ಸಿನ ಒಂದು ದಿನ

ಆಮ್‌ಸ್ಟರ್‌ಡ್ಯಾಮಿನ ಉತ್ತರಕ್ಕೆ ನೀರಿನ ಅಂಚಿನಲ್ಲೇ ಒಂದಷ್ಟು ಊರುಗಳಿವೆ. ಮಾರ್ಕೆನ್, ವೊಲೆಂಡಾಮ್, ಏಡಾಮ್, ಇನ್ನೂ ಮೇಲೆ ಹೋದರೆ ಹೋರ್ನ್. ಹಿಂದೆ ಇವೆಲ್ಲ ಸಮುದ್ರದ ಊರುಗಳು. ಝೌಡರ್‌ಝೇ ಅನ್ನುವ ಉಪ್ಪುನೀರಿನ ಒಳಸಮುದ್ರ ಇವರ ಮನೆ ಬಾಗಿಲವರೆಗೂ ಬರುತ್ತಿತ್ತು. 1932ರಲ್ಲಿ ಅದರ ಬಾಯಿಗೆ 32 ಕಿಲೋಮೀಟರ್ ಉದ್ದದ ಒಡ್ಡು ಕಟ್ಟಿ ಮುಚ್ಚಿದರು. ಕೆಲವೇ ವರ್ಷಗಳಲ್ಲಿ ಉಪ್ಪುನೀರು ಸಿಹಿನೀರಾಯಿತು. ದೋಣಿ, ಬಂದರು, ಬಲೆ, ಮೀನುಗಾರರು ಎಲ್ಲರೂ ಇದ್ದರು. ಸಮುದ್ರ ಇರಲಿಲ್ಲ.

ಆಮೇಲೆ ಈ ಊರಿನವರು ಏನು ಮಾಡಿದರು? ನನಗೆ ಅದನ್ನು ನೋಡಬೇಕಿತ್ತು. ನಾನು ಕುಮಟಾ ಕಡೆಯವನು. ಸಮುದ್ರವೇ ಹೊಟ್ಟೆಪಾಡು ಅನ್ನುವ ಜನರ ನಡುವೆ ಬೆಳೆದವನು. ಹಾಗಾಗಿ ಗಾಳಿಯಂತ್ರ, ಟ್ಯೂಲಿಪ್‌ಗಿಂತ ಇದರ ಮೇಲೇ ಆಸೆ ಜಾಸ್ತಿ.

ತಂಗಿ ಇರುವುದು ಆಮ್‌ಸ್ಟೆಲ್‌ವೇನ್‌ನಲ್ಲಿ. ಜೂನ್ ಕೊನೆಯ ಒಂದು ಶನಿವಾರ ಅವಳು, ನಾನು, ಅಮ್ಮ ಹೊರಟೆವು. ಈ ಊರುಗಳನ್ನು ತೋರಿಸುವ ಟೂರಿಸ್ಟ್ ಕೋಚ್‌ಗಳು ಬೇಕಾದಷ್ಟಿವೆ. ಒಂದೊಂದು ಊರಲ್ಲಿ ಸ್ವಲ್ಪ ಹೊತ್ತು ಇಳಿಸಿ, ಚೀಸ್ ಅಂಗಡಿಗೆ ಕರಕೊಂಡು ಹೋಗಿ, ಮತ್ತೆ ಹತ್ತಿಸಿಕೊಳ್ಳುತ್ತಾರೆ. ನಮಗೆ ಅದು ಬೇಡವಾಗಿತ್ತು. ಊರಿನ ಜನ ಓಡಾಡುವ ಮಾಮೂಲಿ ಬಸ್ಸೇ ಸಾಕು ಅಂದುಕೊಂಡೆವು. ಈಗಲೂ ಯಾರು ಕೇಳಿದರೂ ನಾನು ಅದನ್ನೇ ಹೇಳುತ್ತೇನೆ.

ಬೆಳಿಗ್ಗೆ: ಬಸ್ಸಿನ ಕಿಟಕಿ

ಮನೆಯಿಂದ ಟ್ರಾಮ್ ಹಿಡಿದು ಝೌದ್ ಸ್ಟೇಷನ್, ಅಲ್ಲಿಂದ 52ನೇ ನಂಬರಿನ ಮೆಟ್ರೋ. 2018ರಲ್ಲಿ ಶುರುವಾದ ಈ ಲೈನ್ ಊರಿನ ದಕ್ಷಿಣದಿಂದ ನೆಲದಡಿಯಲ್ಲೇ ಹೋಗಿ, ನದಿಯಷ್ಟು ಅಗಲದ ನೀರಿನ ಕೆಳಗೆ ದಾಟಿ, ಉತ್ತರದ ನೋರ್ಡ್ ಸ್ಟೇಷನ್‌ಗೆ ಮುಟ್ಟಿಸುತ್ತದೆ. ಅಲ್ಲೇ ಮೇಲೆ ಬಸ್ ನಿಲ್ದಾಣ. ಮಾರ್ಕೆನ್‌ಗೆ ಹೋಗುವುದು 315ನೇ ನಂಬರ್.

ಟಿಕೆಟ್ಟಿಗೆ ಚಿಲ್ಲರೆ ಹುಡುಕುವ ಕೆಲಸ ಇಲ್ಲ. ಬ್ಯಾಂಕ್ ಕಾರ್ಡನ್ನೇ ಹತ್ತುವಾಗ ಮೆಷಿನ್‌ಗೆ ಮುಟ್ಟಿಸಬೇಕು, ಇಳಿಯುವಾಗ ಮತ್ತೆ ಮುಟ್ಟಿಸಬೇಕು. ಇಳಿಯುವಾಗ ಮರೆತರೆ ದುಡ್ಡು ಜಾಸ್ತಿ ಹೋಗುತ್ತದೆ. ದಿನವಿಡೀ ಹತ್ತಿ ಇಳಿಯುವವರಿಗೆ ಈ ಸೀಮೆಯ ಒಂದು ದಿನದ ಪಾಸ್ ಕೂಡ ಸಿಗುತ್ತದೆ. ಹತ್ತುವವರೆಲ್ಲ ಡ್ರೈವರ್‌ಗೆ ನಮಸ್ಕಾರ ಹೇಳಿಯೇ ಒಳಗೆ ಬರುತ್ತಿದ್ದರು. ಅಮ್ಮ ಅದನ್ನು ನೋಡಿ ಮುಂದಿನ ಬಸ್ಸಿನಿಂದ ತಾನೂ ತಲೆಬಾಗಿಸಿ ಹತ್ತತೊಡಗಿದಳು.

ಊರು ದಾಟಿದ ಕೂಡಲೇ ಹಸಿರು. ಕಣ್ಣು ಹಾಯಿಸಿದಷ್ಟೂ ಹುಲ್ಲು, ಕಪ್ಪು-ಬಿಳಿ ಹಸುಗಳು, ಹೊಲಕ್ಕೆ ಬೇಲಿ ಇಲ್ಲ. ಬೇಲಿ ಇರಬೇಕಾದ ಕಡೆ ಉದ್ದಕ್ಕೂ ನೀರಿನ ಕಾಲುವೆ. ಅಮ್ಮ ಕಿಟಕಿಗೆ ಅಂಟಿಕೊಂಡೇ ಕೂತಿದ್ದಳು. ಸ್ವಲ್ಪ ಹೊತ್ತಿಗೆ ನನ್ನ ಕೈ ಎಳೆದು, "ತಮಾ, ಇಲ್ನೋಡು. ನೀರು ಮೇಲದೆ, ಗದ್ದೆ ಕೆಳಗದೆ!" ಅಂದಳು.

ಹೌದು, ಹಾಗೇ ಇದೆ. ಇಲ್ಲಿನ ನೆಲ ಗಿಡಗಂಟಿ ಕೊಳೆತು ಆದ ಜೌಗು ಮಣ್ಣು. ನೂರಾರು ವರ್ಷದ ಹಿಂದೆ ಜನ ಕಾಲುವೆ ತೋಡಿ ನೀರು ಬಸಿದರು. ನೀರು ಹೋದ ಹಾಗೆ ಮಣ್ಣು ಒಣಗಿ, ಗಾಳಿ ತಾಗಿ, ಕುಗ್ಗಿ ಕೆಳಗಿಳಿಯಿತು. ಇಳಿದಷ್ಟೂ ನೀರನ್ನು ಮೇಲಕ್ಕೆತ್ತಿ ಹೊರಗೆ ಹಾಕಬೇಕಾಯಿತು. ಮೊದಲು ಗಾಳಿಯಂತ್ರ ಎತ್ತುತ್ತಿತ್ತು, ಈಗ ಪಂಪು ಎತ್ತುತ್ತದೆ. ಈಗ ಇಲ್ಲಿನ ಹುಲ್ಲುಗಾವಲು ಸಮುದ್ರ ಮಟ್ಟಕ್ಕಿಂತ ಕೆಳಗಿದೆ, ಪಕ್ಕದ ಕಾಲುವೆ ಅದಕ್ಕಿಂತ ಮೇಲೆ ಹರಿಯುತ್ತದೆ. ಪಂಪು ನಿಲ್ಲಿಸಿದರೆ ಹಸು ಮೇಯುವ ಜಾಗದಲ್ಲಿ ನೀರು ನಿಲ್ಲುತ್ತದೆ.

ಅಮ್ಮನಿಗೆ ಇದನ್ನು ಜಾಸ್ತಿ ವಿವರಿಸಬೇಕಾಗಲಿಲ್ಲ. ನಮ್ಮ ಅಘನಾಶಿನಿ ಹೊಳೆಯ ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತ ಬೆಳೆಯುವವರಿಗೆ ಒಡ್ಡು ಅಂದರೇನು ಅಂತ ಗೊತ್ತು. ಉಪ್ಪುನೀರು ತಡೆಯಲು ಮಣ್ಣಿನ ಒಡ್ಡು, ಅದರಲ್ಲಿ ಹಲಗೆಯ ಬಾಗಿಲು. ಇಳಿತಕ್ಕೆ ನೀರು ಬಿಡುವುದು, ಭರತಕ್ಕೆ ಮುಚ್ಚುವುದು. ಬಾಗಿಲು ಕಾಯುವವನು ಒಂದು ದಿನ ಮೈಮರೆತರೆ ಊರಿನ ಬೆಳೆಯೇ ಹೋಯಿತು. ಇವರು ಅದೇ ಕೆಲಸವನ್ನು ಇಡೀ ದೇಶದ ಅಳತೆಯಲ್ಲಿ ಮಾಡುತ್ತಿದ್ದಾರೆ.

ಬ್ರೂಕ್ ಇನ್ ವಾಟರ್‌ಲ್ಯಾಂಡ್ ಅನ್ನುವ ಊರು ಬಂತು. ಬೂದು ಬಣ್ಣದ ಹಳೇ ಮರದ ಮನೆಗಳು, ನಡುವೆ ಒಂದು ಕೊಳ. ನಾವು ಇಳಿಯಲಿಲ್ಲ. ಮೊನ್ನಿಕೆಂಡಾಮ್‌ನಲ್ಲೂ ಇಳಿಯಲಿಲ್ಲ. ಈ ಸೀಮೆಯಲ್ಲಿ ಹಿಂದೆ ಟ್ರಾಮ್ ಇತ್ತು, 1956ರಲ್ಲಿ ಅದು ನಿಂತ ಮೇಲೆ ಊರಿಗೆಲ್ಲ ಬಸ್ಸೇ ಗತಿ. ಈಗಲೂ ಇಲ್ಲಿಗೆ ರೈಲು ಇಲ್ಲ.

ಮಾರ್ಕೆನ್

ಮೊನ್ನಿಕೆಂಡಾಮ್ ದಾಟಿ ಸ್ವಲ್ಪ ದೂರ ಹೋದರೆ ಬಸ್ಸು ನೀರಿನ ಮಧ್ಯದ ಒಡ್ಡಿನ ಮೇಲೆ ಬರುತ್ತದೆ. ಎಡಕ್ಕೂ ನೀರು, ಬಲಕ್ಕೂ ನೀರು. ಈ ದಾರಿ ಆಗಿದ್ದು 1957ರಲ್ಲಿ. ಅಲ್ಲಿಯವರೆಗೆ ಮಾರ್ಕೆನ್ ದ್ವೀಪ. ಹೊರಗಿನಿಂದ ಬರುವುದೆಲ್ಲ ದೋಣಿಯಲ್ಲೇ ಬರಬೇಕಿತ್ತು. ಝೌಡರ್‌ಝೇ ಮುಚ್ಚಿದ ಮೇಲೆ ಮಾರ್ಕೆನ್ ಸುತ್ತಲಿನ ನೀರನ್ನೂ ಬತ್ತಿಸಿ ಹೊಲ ಮಾಡುವ ಯೋಜನೆ ಇತ್ತು. ಈ ಒಡ್ಡು ಅದರದ್ದೇ ಒಂದು ತುಂಡು. ಯೋಜನೆ ಕೊನೆಗೆ ಕೈಬಿಟ್ಟರು, ಒಡ್ಡು ಉಳಿಯಿತು. ಉಳಿದ ನೀರಿಗೆ ಮಾರ್ಕರ್‌ಮೇರ್ ಅಂತ ಈ ದ್ವೀಪದ ಹೆಸರೇ ಬಂದಿದೆ.

ಬಸ್ಸಿಳಿದು ಒಳಗೆ ನಡೆದರೆ ಮರದ ಮನೆಗಳು. ಕಡು ಹಸಿರು ಅಥವಾ ಕಪ್ಪು ಬಣ್ಣ, ಅಂಚಿಗೆ ಬಿಳಿ ಪಟ್ಟಿ. ಚಿಕ್ಕ ದಿಬ್ಬದ ಮೇಲೆ ಒತ್ತೊತ್ತಾಗಿ ನಿಂತಿವೆ. ಎರಡು ಮನೆಗಳ ನಡುವೆ ಒಬ್ಬರು ನಡೆಯುವಷ್ಟೇ ಜಾಗ. ಈ ದಿಬ್ಬಗಳನ್ನು ಜನರೇ ಮಣ್ಣು ಹಾಕಿ ಎತ್ತರಿಸಿದ್ದು. ನೀರು ಬಂದಾಗ ದ್ವೀಪ ಮುಳುಗುತ್ತಿತ್ತು, ದಿಬ್ಬ ಮಾತ್ರ ಮೇಲಿರುತ್ತಿತ್ತು. ದಿಬ್ಬದಲ್ಲಿ ಜಾಗ ಸಾಲದಾದಾಗ ಮರದ ಕಂಬಗಳ ಮೇಲೆ ಮನೆ ಕಟ್ಟಿದರು. ನೀರು ಕೆಳಗಿಂದ ಹರಿದು ಹೋಗಲಿ ಅಂತ ಅಡಿ ಖಾಲಿ ಬಿಡುತ್ತಿದ್ದರು.

ಬಂದರಿನ ಹತ್ತಿರ ಅಂಥ ಮನೆಯೊಂದರ ಮುಂದೆ ಅಮ್ಮ ತುಂಬಾ ಹೊತ್ತು ನಿಂತಳು. ಕಂಬಗಳು ಈಗ ಕಾಣುವುದಿಲ್ಲ. 1932ರ ನಂತರ ಭಯ ಹೋಯಿತಲ್ಲ, ಜನ ಕೆಳಗಿನ ಖಾಲಿ ಜಾಗಕ್ಕೆ ಗೋಡೆ ಕಟ್ಟಿಕೊಂಡು ಕೋಣೆ ಮಾಡಿಕೊಂಡರು. ಮೇಲಿನ ಹಲಗೆ ಹಳೆಯದು, ಬಣ್ಣದ ಮೇಲೆ ಬಣ್ಣ ಬಳಿದು ದಪ್ಪ ಆಗಿದೆ. ಕೆಳಗಿನ ಭಾಗ ಹೊಸತು, ಅಲ್ಲೊಂದು ಕಿಟಕಿ, ಕಿಟಕಿಯಲ್ಲಿ ಕಸೂತಿ ಪರದೆ, ಹೂಕುಂಡ. ಸಮುದ್ರ ಹರಿದು ಹೋಗಲಿ ಅಂತ ಬಿಟ್ಟ ಜಾಗದಲ್ಲಿ ಈಗ ಯಾರದೋ ಮನೆಯ ಹಾಲ್. ಆ ಒಡ್ಡು ಜನರಿಗೆ ಏನು ಕೊಟ್ಟಿತು ಅನ್ನುವುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವುದು ಬೇರೆ ಏನೂ ನನಗೆ ಸಿಗಲಿಲ್ಲ.

ಅಷ್ಟು ಭಯ ಯಾಕಿತ್ತು ಅಂದರೆ, 1916ರ ಜನವರಿ 13ರ ರಾತ್ರಿ ವಾಯವ್ಯದಿಂದ ಬಿರುಗಾಳಿ ಎದ್ದು ಝೌಡರ್‌ಝೇ ಉಕ್ಕಿತು. ಸುತ್ತಲ ಒಡ್ಡುಗಳು ಹಲವು ಕಡೆ ಒಡೆದವು. ಮಾರ್ಕೆನ್ ಒಂದರಲ್ಲೇ 16 ಜನ ಸತ್ತರು. ಇಷ್ಟು ಚಿಕ್ಕ ಊರಲ್ಲಿ 16 ಅಂದರೆ ದುಃಖ ಮುಟ್ಟದ ಮನೆಯೇ ಇರಲಿಕ್ಕಿಲ್ಲ. ಸಮುದ್ರ ಮುಚ್ಚುವ ಯೋಚನೆ ಅದಕ್ಕೂ ಮೊದಲೇ ಇತ್ತು. ಕೋರ್ನೆಲಿಸ್ ಲೇಲಿ ಅನ್ನುವ ಎಂಜಿನಿಯರ್ 1891ರಲ್ಲೇ ನಕ್ಷೆ ಹಾಕಿ ಇಟ್ಟಿದ್ದ. ಖರ್ಚು ಜಾಸ್ತಿ ಅಂತ ಯಾರೂ ಮುಂದಾಗಿರಲಿಲ್ಲ. ನೆರೆ ಬಂದಾಗ ಅವನೇ ಮಂತ್ರಿ. ಜೊತೆಗೆ ಮಹಾಯುದ್ಧ, ಊಟಕ್ಕೆ ಕೊರತೆ, ಹೊಸ ಹೊಲ ಬೇಕಾಗಿತ್ತು. 1918ರಲ್ಲಿ ಕಾನೂನು ಪಾಸಾಯಿತು.

ಇಲ್ಲಿನ ಚರ್ಚ್ ಒಳಗೆ ಚಾವಣಿಯಿಂದ ಮೀನುಗಾರಿಕೆ ದೋಣಿಗಳ ಪುಟ್ಟ ಮಾದರಿಗಳನ್ನು ತೂಗುಹಾಕಿದ್ದಾರೆ. ಒಂದು ಚಿಕ್ಕ ಮ್ಯೂಸಿಯಂ ಕೂಡ ಇದೆ, ಹಳೇ ಮೀನುಗಾರರ ಮನೆಗಳನ್ನೇ ಸೇರಿಸಿ ಮಾಡಿದ್ದು. ಆ ಮನೆಗಳಿಗೆ ಹೊಗೆಗೂಡು ಇರಲಿಲ್ಲ, ಸೂರಿನ ತೂತಿನಿಂದಲೇ ಹೊಗೆ ಹೋಗುತ್ತಿತ್ತು. ದ್ವೀಪದ ತುದಿಯಲ್ಲಿ 1839ರ ದೀಪಸ್ತಂಭ ಇದೆ. ನಡೆಯಲು ಬಹಳ ದೂರ, ಅಮ್ಮನ ಮಂಡಿ ನೋವಿಗೆ ಆಗದ ಮಾತು, ಬಿಟ್ಟೆವು.

ದೋಣಿ ಹತ್ತುವ ಮೊದಲು ಅಮ್ಮ ಬಂದರಿನ ಮೆಟ್ಟಿಲಲ್ಲಿ ಬಗ್ಗಿ, ನೀರಿಗೆ ಬೆರಳದ್ದಿ ನಾಲಿಗೆಗೆ ಮುಟ್ಟಿಸಿಕೊಂಡಳು. "ಉಪ್ಪೇ ಇಲ್ಲ" ಅಂದಳು. ಅವಳ ಮುಖ ನೋಡಿದರೆ ಯಾರೋ ಹೋದ ಸುದ್ದಿ ಕೇಳಿದ ಹಾಗಿತ್ತು.

ವೊಲೆಂಡಾಮ್

ಮಾರ್ಕೆನ್‌ನಿಂದ ವೊಲೆಂಡಾಮ್‌ಗೆ ದೋಣಿಯಲ್ಲಿ ಸುಮಾರು ಅರ್ಧ ತಾಸು. ಬಸ್ಸಿನ ಪಾಸು ಇದಕ್ಕೆ ನಡೆಯುವುದಿಲ್ಲ, ಬೇರೆ ಟಿಕೆಟ್. ಗಾಳಿ ಜೋರು, ಜೂನ್ ಆದರೂ ಸ್ವೆಟರ್ ಬೇಕೇಬೇಕು.

ಎರಡು ಊರಿನ ನಡುವೆ ಇಷ್ಟೇ ನೀರು. ಆದರೂ ಹಳೇ ಕಾಲದಿಂದ ಅವರ ದಾರಿ ಇವರದ್ದಲ್ಲ. ಮಾರ್ಕೆನ್‌ನವರು ಪ್ರೊಟೆಸ್ಟೆಂಟರು, ವೊಲೆಂಡಾಮ್‌ನವರು ಕ್ಯಾಥೊಲಿಕ್ಕರು. ಉಡುಗೆ ಬೇರೆ, ಮಾತಿನ ಧಾಟಿ ಬೇರೆ. ಸಮುದ್ರ ಹೋದಾಗ ಇಬ್ಬರೂ ಕಳಕೊಂಡಿದ್ದು ಒಂದೇ.

ವೊಲೆಂಡಾಮ್ ಬಂದರು ಗಿಜಿಗುಡುತ್ತಿತ್ತು. ಒಡ್ಡಿನ ಮೇಲೇ ಬೀದಿ, ಬೀದಿಯುದ್ದಕ್ಕೂ ಅಂಗಡಿ, ಹೋಟೆಲ್, ಪ್ರವಾಸಿಗರಿಗೆ ಹಳೇ ಉಡುಗೆ ತೊಡಿಸಿ ಫೋಟೋ ತೆಗೆಯುವ ಸ್ಟುಡಿಯೋಗಳು. ತುದಿ ಚೂಪಾದ ಬಿಳಿ ಟೋಪಿ, ಕೆಂಪು ಹವಳದ ಸರ, ಪಟ್ಟೆ ಲಂಗ. ಇದೆಲ್ಲ ಬರೀ ಪ್ರವಾಸಿಗರಿಗೆ ಅಂತ ಮೂಗು ಮುರಿಯುವವರು ಇದ್ದಾರೆ. ನನಗೆ ಹಾಗನ್ನಿಸಲಿಲ್ಲ. ಪರ ಊರಿನವರನ್ನು ಕರೆಯುವುದು ಇಲ್ಲಿ ಸಮುದ್ರ ಮುಚ್ಚುವ ಮೊದಲೇ ಇತ್ತು. 1881ರಲ್ಲಿ ಶುರುವಾದ ಸ್ಪಾಂಡರ್ ಹೋಟೆಲ್‌ಗೆ ಬೇರೆ ಬೇರೆ ದೇಶದ ಚಿತ್ರಕಾರರು ಬಂದು ಇಳಿದುಕೊಳ್ಳುತ್ತಿದ್ದರು, ಅವರ ಚಿತ್ರಗಳು ಈಗಲೂ ಅಲ್ಲಿನ ಗೋಡೆ ತುಂಬ ಇವೆ. ಮೀನು ಹೋದಾಗ ಕೈಗೆ ಸಿಕ್ಕ ಇನ್ನೊಂದು ಕಸುಬನ್ನು ಹಿಡಿದುಕೊಂಡರು. ಹೊಟ್ಟೆಪಾಡಿನ ಮುಂದೆ ಅದರಲ್ಲಿ ತಪ್ಪೇನಿದೆ?

ಬೀದಿಯ ಹಿಂದಕ್ಕೆ ಮೆಟ್ಟಿಲಿಳಿದು ಹೋಗಿ. ಮುಂದಿನ ಗದ್ದಲ ಅಲ್ಲಿಲ್ಲ. ಒಡ್ಡಿನ ಕೆಳಗೆ ಪುಟ್ಟ ಪುಟ್ಟ ಮನೆಗಳ ಕಿರಿದಾದ ಓಣಿಗಳು, ತಂತಿಯ ಮೇಲೆ ಬಟ್ಟೆ, ಬಾಗಿಲಲ್ಲಿ ಮಕ್ಕಳ ಸೈಕಲ್. ಮೀನುಗಾರರು ಇದ್ದ ಕೇರಿ ಇದು.

ಊಟಕ್ಕೆ ಮೀನಿನ ಗಾಡಿ. ಜೂನ್ ಮಧ್ಯದಲ್ಲಿ ಹೊಸ ಹೆರಿಂಗ್ ಬರುತ್ತದೆ. ಬೇಯಿಸುವುದಿಲ್ಲ, ಹಾಗೇ ತಿನ್ನುತ್ತಾರೆ. ಅಮ್ಮ ಗಾಡಿಯ ಪಕ್ಕ ನಿಂತು ಮೀನು ಕೊಯ್ಯುವುದನ್ನು ನೋಡಿದಳು. ಗಿಡ್ಡ ಚಾಕು. ಒಂದೆಳೆತಕ್ಕೆ ಚರ್ಮ ಬಂತು, ಇನ್ನೊಂದಕ್ಕೆ ನಡುಮುಳ್ಳು. ಬಾಲ ಮಾತ್ರ ಉಳಿಸಿ ಎರಡು ಹೋಳು ಜೊತೆಯಾಗಿ ಬಿಡಿಸಿ, ಮೇಲೆ ಸಣ್ಣಗೆ ಹೆಚ್ಚಿದ ಈರುಳ್ಳಿ. ಮಾರುವವನಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು, ವಿವರಿಸಿದ. ಹಿಡಿದ ಮೇಲೆ ಕಿವಿರು, ಕರುಳು ತೆಗೆಯುತ್ತಾರೆ, ಮೇದೋಜೀರಕ ಗ್ರಂಥಿಯನ್ನು ಮಾತ್ರ ಒಳಗೇ ಬಿಡುತ್ತಾರೆ. ಸ್ವಲ್ಪ ಉಪ್ಪು ಹಾಕಿ ಇಟ್ಟರೆ ಆ ಗ್ರಂಥಿಯ ರಸವೇ ಮಾಂಸವನ್ನು ಮೆತ್ತಗೆ ಮಾಡುತ್ತದೆ. ಹುಳ ಸಾಯಲಿ ಅಂತ ಆಳವಾಗಿ ಫ್ರೀಜ್ ಮಾಡುವುದು ಕಡ್ಡಾಯ.

ಅಮ್ಮ ಒಂದು ತುಂಡು ಬಾಯಿಗಿಟ್ಟಳು. ನಾವಿಬ್ಬರೂ ಅವಳನ್ನೇ ನೋಡುತ್ತಿದ್ದೆವು. ನಿಧಾನಕ್ಕೆ ಅಗಿದು, "ಮೀನು ತಾಜಾ ಇದೆ. ಕೊಬ್ಬು ಬಂಗುಡೆಗಿಂತ ಜಾಸ್ತಿ" ಅಂದಳು. ಪೂರ್ತಿ ತಿಂದಳು. ತಂಗಿ ಹಿಟ್ಟಿನಲ್ಲಿ ಅದ್ದಿ ಕರಿದ ಕಿಬ್ಬೆಲಿಂಗ್ ತಗೊಂಡಳು. ಮೀನು ತಿನ್ನದವರಿಗೆ ಆಲೂ ಚಿಪ್ಸ್, ಚೀಸ್ ತುಂಬಿ ಕರಿದದ್ದು ಎಲ್ಲ ಕಡೆ ಸಿಗುತ್ತದೆ.

ಈ ಮೀನು ಇಲ್ಲಿಯದಾ ಅಂತ ಅಮ್ಮ ನನ್ನ ಕೈಲಿ ಕೇಳಿಸಿದಳು. ಇಲ್ಲ, ಉತ್ತರ ಸಮುದ್ರದ್ದು. ಮೊದಲು ಹೆರಿಂಗ್, ಆಂಚೊವಿ ಎಲ್ಲ ಝೌಡರ್‌ಝೇ ಒಳಗೇ ಮೊಟ್ಟೆಯಿಡಲು ಬರುತ್ತಿದ್ದವು. ಒಡ್ಡು ಕಟ್ಟಿದ ಮೇಲೆ ದಾರಿ ಮುಚ್ಚಿತು. ಕೆಲವು ವರ್ಷ ಹಾವುಮೀನು ಚೆನ್ನಾಗಿ ಸಿಕ್ಕಿತು, ಈಗ ಅದೂ ಯುರೋಪಿನಲ್ಲೆಲ್ಲ ಅಪಾಯದಲ್ಲಿದೆ. ಗಾಡಿಯವನ ಅಜ್ಜ ಮೀನುಗಾರ. ಸಮುದ್ರ ಹೋದ ಮೇಲೆ ದೋಣಿ ಮಾರಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಮನೆ ಕಟ್ಟುವ ಕೆಲಸಕ್ಕೆ ಸೇರಿದರಂತೆ. "ಪರಿಹಾರ ಕೊಟ್ರಾ?" ಅಮ್ಮನ ಮುಂದಿನ ಪ್ರಶ್ನೆ. ಮೀನುಗಾರರ ನೆರವಿಗೆ ಅಂತ 1925ರಲ್ಲೇ ಕಾನೂನು ಮಾಡಿದ್ದರು. ಅಜ್ಜನಿಗೆ ಸಿಕ್ಕಿದ್ದು ಸಾಲಲಿಲ್ಲ ಅಂತ ಮನೆಯಲ್ಲಿ ಯಾವಾಗಲೂ ಹೇಳುತ್ತಿದ್ದರು ಅಂದ ಅವನು. ಅಮ್ಮ ತಲೆಯಾಡಿಸಿದಳು. ನಮ್ಮ ಕಡೆ ಯೋಜನೆಗಳಿಗೆ ಜಾಗ ಬಿಟ್ಟುಕೊಟ್ಟವರ ಮನೆಗಳಲ್ಲಿ ಇದೇ ಮಾತು ಕೇಳಿ ಬೆಳೆದವರು ನಾವು.

ಏಡಾಮ್

316ನೇ ಬಸ್ ಹಿಡಿದರೆ ಕೆಲವೇ ನಿಮಿಷಕ್ಕೆ ಏಡಾಮ್. ಕೆಂಪು ಮೇಣದ ಉರುಟು ಚೀಸ್‌ನ ಊರು. ಆ ಕೆಂಪು ಮೇಣ ಹೆಚ್ಚಾಗಿ ಹೊರದೇಶಕ್ಕೆ ಕಳಿಸುವುದಕ್ಕೆ, ಊರವರು ತಿನ್ನುವುದರ ಹೊರಗೆ ಹಳದಿ. ಬೇಸಿಗೆಯಲ್ಲಿ ಜುಲೈ, ಆಗಸ್ಟ್‌ನ ಬುಧವಾರ ಹಳೇ ಕಾಲದ ಚೀಸ್ ಸಂತೆಯನ್ನು ಮಾಡಿ ತೋರಿಸುತ್ತಾರೆ. ನಾವು ಹೋದ ದಿನ ಇರಲಿಲ್ಲ, ಅದರಿಂದ ಊರು ಶಾಂತವಾಗಿ ಸಿಕ್ಕಿತು. ಒಂದು ಮಾತು: ಹಳೇ ಪದ್ಧತಿಯ ಚೀಸ್‌ಗೆ ಹಾಲು ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯಿಂದ ತೆಗೆದ ಕಿಣ್ವ ಹಾಕುತ್ತಾರೆ. ಸಸ್ಯಾಹಾರಿಗಳು ಅಂಗಡಿಯಲ್ಲಿ ಕೇಳಿ ತಗೊಳ್ಳಿ, ಅದಿಲ್ಲದ್ದೂ ಸಿಗುತ್ತದೆ.

ಏಡಾಮ್ ಸಮುದ್ರ ಕಳಕೊಂಡಿದ್ದು ಉಳಿದವರಿಗಿಂತ ಬಹಳ ಮೊದಲು. ಇಲ್ಲಿ ಹಡಗು ಕಟ್ಟುವ ಕಾರ್ಖಾನೆಗಳು ಹಲವು ಇದ್ದವು. ಬಂದರಿನ ಕಾಲುವೆ ತೆರೆದೇ ಇದ್ದುದರಿಂದ ಸಮುದ್ರದ ನೀರು ಒಳನಾಡಿಗೆ ನುಗ್ಗುತ್ತಿತ್ತು. 16ನೇ ಶತಮಾನದಲ್ಲಿ ಅದಕ್ಕೆ ಬಾಗಿಲು ಹಾಕಿಸಿದರು. ನೆಲ ಉಳಿಯಿತು, ಭರತ-ಇಳಿತದ ಸೆಳೆತ ನಿಂತು ಬಂದರಿನಲ್ಲಿ ಹೂಳು ತುಂಬಿತು. ಹಡಗಿನ ಕೆಲಸ ನಿಧಾನಕ್ಕೆ ಹೋಯಿತು. ಆ ಹೊತ್ತಿಗೆ ಪಕ್ಕದ ದೊಡ್ಡ ಕೆರೆಗಳನ್ನು ಗಾಳಿಯಂತ್ರದಿಂದ ಬತ್ತಿಸಿದರು. ಬೇಮ್‌ಸ್ಟರ್ 1612ರಲ್ಲಿ, ಪುರ್ಮರ್ 1622ರಲ್ಲಿ. ಹೊಸ ಹುಲ್ಲುಗಾವಲು, ಹೊಸ ಹಸುಗಳು, ಹಾಲು, ಚೀಸ್. ಈ ಗಟ್ಟಿ ಉಂಡೆ ಹಡಗಿನಲ್ಲಿ ತಿಂಗಳುಗಟ್ಟಲೆ ಕೆಡದೆ ಇರುತ್ತಿತ್ತು. ಹಡಗು ಕಟ್ಟುತ್ತಿದ್ದ ಊರು ಹಡಗಿಗೆ ಊಟ ಕಳಿಸುವ ಊರಾಯಿತು.

ಊರ ನಡುವಿನ ಹಳೇ ಮನೆಯೊಂದು ಮ್ಯೂಸಿಯಂ ಆಗಿದೆ. 16ನೇ ಶತಮಾನದ್ದು. ಅದರ ನೆಲಮಾಳಿಗೆ ನೀರಿನ ಮೇಲೆ ತೇಲುತ್ತದೆ. ಇಟ್ಟಿಗೆಯಲ್ಲಿ ಕಟ್ಟಿದ ದೊಡ್ಡ ಪೆಟ್ಟಿಗೆ, ಮನೆಯ ಗೋಡೆಗೆ ಸೇರಿಸಿಲ್ಲ. ಅಂತರ್ಜಲ ಏರಿದರೆ ಪೆಟ್ಟಿಗೆಯೂ ಏರುತ್ತದೆ, ಇಳಿದರೆ ಇಳಿಯುತ್ತದೆ. ನಾನು ಇಳಿದು ಒಂದು ಬದಿಗೆ ಭಾರ ಹಾಕಿ ನಿಂತೆ. ಕಾಲಡಿಯ ಇಟ್ಟಿಗೆ ನೆಲ ಮೆಲ್ಲಗೆ ಅಲುಗಿತು. ನೀರನ್ನು ಹೊರಗಿಡಲು ಆಗದ ಕಡೆ ಅದರ ಜೊತೆಗೇ ಏರಿಳಿಯುವ ಉಪಾಯ ಮಾಡಿದ ಆ ಮೇಸ್ತ್ರಿ ಯಾರೋ, ಅವನಿಗೆ ಮನಸ್ಸಿನಲ್ಲೇ ಕೈಮುಗಿದೆ.

ಹೋರ್ನ್

ಜೂನ್‌ನಲ್ಲಿ ಇಲ್ಲಿ ರಾತ್ರಿ ಹತ್ತರವರೆಗೂ ಬೆಳಕು. ಸಂಜೆ 314ನೇ ಬಸ್ಸಿಗೆ ಹೋರ್ನ್‌ಗೆ ಹೋದೆವು. ದಾರಿಯಲ್ಲಿ ಅಮ್ಮ ನಿದ್ದೆ ಮಾಡಿದಳು.

ಹೋರ್ನ್ ದೊಡ್ಡ ಊರು. ಡಚ್ ಈಸ್ಟ್ ಇಂಡಿಯಾ ಕಂಪನಿಯ ಆರು ಶಾಖೆಗಳಲ್ಲಿ ಒಂದು ಇಲ್ಲಿತ್ತು. ದಕ್ಷಿಣ ಅಮೆರಿಕದ ತುದಿಯ ಕೇಪ್ ಹೋರ್ನ್‌ಗೆ ಹೆಸರು ಬಂದಿದ್ದು ಈ ಊರಿಂದಲೇ. 1616ರಲ್ಲಿ ಅದನ್ನು ಸುತ್ತಿದ ವಿಲ್ಲೆಮ್ ಸ್ಕೌಟೆನ್ ಇಲ್ಲಿಯವನು. ಮುಖ್ಯ ಚೌಕದಲ್ಲಿ ಯಾನ್ ಪೀಟರ್‌ಝೋನ್ ಕೂನ್ ಎಂಬವನ ಪ್ರತಿಮೆ ಇದೆ, 1893ರದ್ದು. ಇವನೂ ಇದೇ ಊರಿನವನು. 1621ರಲ್ಲಿ ಜಾಯಿಕಾಯಿಗಾಗಿ ಬಂಡಾ ದ್ವೀಪಗಳ ಜನರನ್ನು ಕೊಲ್ಲಿಸಿದ, ಉಳಿದವರನ್ನು ಗುಲಾಮರಾಗಿ ಸಾಗಿಸಿದ. ದ್ವೀಪಗಳೇ ಬರಿದಾದವು. ಪ್ರತಿಮೆ ಇರಬೇಕೇ ಅಂತ ಊರಲ್ಲಿ ವರ್ಷಗಳಿಂದ ಜಗಳ ನಡೆದಿದೆ, ಈಗ ಅವನ ಕೃತ್ಯಗಳನ್ನೂ ಹೇಳುವ ಫಲಕ ಹಾಕಿದ್ದಾರೆ. ನನಗೆ ಆ ಪ್ರತಿಮೆಯ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳಲು ಮನಸ್ಸಾಗಲಿಲ್ಲ. ಇದೇ ಕಂಪನಿ 17ನೇ ಶತಮಾನದಲ್ಲಿ ನಮ್ಮ ಬಸರೂರಿನಲ್ಲೂ ಕೋಠಿ ಇಟ್ಟುಕೊಂಡು ಅಕ್ಕಿ, ಕಾಳುಮೆಣಸಿನ ವ್ಯಾಪಾರ ಮಾಡಿತ್ತು. ಈ ಚೌಕದ ಚಂದದ ಮನೆಗಳ ಹಣದಲ್ಲಿ ನಮ್ಮ ಕರಾವಳಿಯ ಪಾಲೂ ಇದ್ದೀತು.

ಬಂದರಿನಲ್ಲಿ 1532ರ ಕಾವಲು ಗೋಪುರ ನೀರಿನ ಕಡೆ ಮುಖ ಮಾಡಿ ನಿಂತಿದೆ. ಕಂದು ಹಾಯಿಯ ಹಳೇ ಮರದ ದೋಣಿಗಳನ್ನು ಕಟ್ಟಿಹಾಕಿದ್ದರು. ಅಡಿ ಚಪ್ಪಟೆ, ಝೌಡರ್‌ಝೇ ಆಳ ಇಲ್ಲದ ಸಮುದ್ರವಾದ್ದರಿಂದ ಹಾಗೆ ಮಾಡುತ್ತಿದ್ದರು. ಈಗ ಅವುಗಳಲ್ಲಿ ಮೀನು ಹಿಡಿಯುವುದಿಲ್ಲ, ಅಭಿಮಾನಿಗಳು ದುಡ್ಡು ಹಾಕಿ ಉಳಿಸಿಕೊಂಡಿದ್ದಾರೆ.

ಹೋರ್ನ್‌ನಿಂದ ವಾಪಸ್ ಬರಲು ರೈಲೇ ಸುಲಭ. ಪ್ಲಾಟ್‌ಫಾರ್ಮಿನಲ್ಲಿ ಕಾಯುವಾಗ ಅಮ್ಮ ತಂಗಿಯನ್ನು ಹಿಡಿದಳು. "ತಂಗೀ, ಆ ಮೀನು ಇನ್ನು ಯಾವತ್ತೂ ಒಳಗೆ ಬರಾಂಗಿಲ್ವಾ?"

ಬರಬಹುದು ಅಂದಳು ತಂಗಿ. ಆ ದೊಡ್ಡ ಒಡ್ಡಿನಲ್ಲಿ, ಕೋರ್ನ್‌ವೆರ್ಡರ್‌ಝಾಂಡ್ ಹತ್ತಿರ, ಮೀನಿಗಾಗಿಯೇ ಒಂದು ಕೃತಕ ನದಿ ಮಾಡುತ್ತಿದ್ದಾರೆ. ಅಂಕುಡೊಂಕಾಗಿ ಕಿಲೋಮೀಟರುಗಟ್ಟಲೆ. ಉಪ್ಪುನೀರಿನಿಂದ ಬಂದ ಮೀನು ಅದರಲ್ಲಿ ನಿಧಾನಕ್ಕೆ ಸಿಹಿನೀರಿಗೆ ಒಗ್ಗಿಕೊಂಡು ಒಳಗೆ ದಾಟಬೇಕು, ಆದರೆ ಉಪ್ಪು ಒಳಗೆ ನುಗ್ಗಬಾರದು. ಒಳಗಿನ ನೀರು ಈಗ ಜನರು ಕುಡಿಯುವ ನೀರು.

"ಅಲ್ಲಿಗೆ ಬಸ್ಸದ್ಯಾ?"

ತಂಗಿ ಫೋನ್ ತೆಗೆದಳು. ಅಲ್ಕ್‌ಮಾರ್‌ನಿಂದ ಒಡ್ಡಿನ ಮೇಲೇ ಹಾದು ಲೇವಾರ್ಡನ್‌ಗೆ ಹೋಗುವ ಬಸ್ಸು ಇದೆ. ಮುಂದಿನ ಶನಿವಾರ ಅಂತ ಅಲ್ಲೇ ತೀರ್ಮಾನವಾಯಿತು.